ಒತ್ತು

ಎಣ್ಣೆಬಟ್ಟೆ ಹಿಡಿದು ಅಚ್ಚು ಒರೆಸುವುದು ನನ್ನ ಕೆಲಸ.
ಒಂದು ಹೆಂಚಿಗೆ ಒಂದು ಸಲ. ದಿನಕ್ಕೆ ಎಷ್ಟು ಸಲ ಅಂತ
ನಾನು ಲೆಕ್ಕ ಇಟ್ಟವಳಲ್ಲ, ಭುಜ ಇಟ್ಟುಕೊಂಡಿದೆ.
ಬೋಳಾರದ ಹೊಳೆಬದಿ, ಮಂಜಿಯಿಂದ ಇಳಿದ ಆವೆಮಣ್ಣು,
ಪ್ರೆಸ್ಸಿನ ಚಕ್ರ ತಿರುಗಿಸುವ ಇಬ್ಬರು ಗಂಡಸರು.
ಚಕ್ರ ಮೇಲೆ ಹೋಗಿ ಕೆಳಗೆ ಬರುವಷ್ಟು ಹೊತ್ತು ನನ್ನದು.

ಅಚ್ಚಿನ ಹೊಟ್ಟೆಯಲ್ಲಿ ತಗ್ಗುಗಳಿದ್ದವು.
ಬೆರಳಿಗೆ ಗುರುತಿತ್ತು: ಒಂದು ಬಳುಕು, ಒಂದು ಸೊನ್ನೆ,
ಬಸಳೆ ಕುಡಿಯ ಹಾಗೆ ಸುತ್ತಿಕೊಂಡ ಒಂದು.
ಮಣ್ಣು ಕಚ್ಚುವುದು ಅಲ್ಲೇ, ಉಗುರು ಹಾಕಿ ಕೀಳಬೇಕು.
ಅಕ್ಷರ ಅಂದರೆ ಆವಾಗ ನನಗೆ ಅಷ್ಟೇ,
ಊಟಕ್ಕೆ ಕೂತರೂ ಉಗುರಿನೊಳಗೆ ಉಳಿಯುವ ಕೆಸರು.

"ಎಂತ ಬರೆದದ್ದು ಇದು?" ಲಿಗೋರಿ ಮೇಸ್ತ್ರಿಯ ಹತ್ತಿರ ಕೇಳಿದೆ.
"ಮಂಗಳೂರು" ಅಂದರು, ಬೀಡಿ ಬಾಯಲ್ಲೇ.
ಅಂದಿನಿಂದ ಮೂರು ವರ್ಷ ನನ್ನ ಊರು
ಬಲದಿಂದ ಎಡಕ್ಕೆ ಇತ್ತು.

ಆಮೇಲೆ ರಾತ್ರಿಶಾಲೆ ಬಂತು, ಅಂಗನವಾಡಿ ಜಗಲಿಗೆ.
"ಗೊತ್ತಿದ್ದದ್ದು ಬರೆಯಿರಿ" ಅಂದರು ವಾರಿಜಾಕ್ಷಿ ಟೀಚರು.
ಸ್ಲೇಟಿನ ತುಂಬ ಊರು ಬರೆದು ಎತ್ತಿ ತೋರಿಸಿದೆ.
ಹಿಂದಿನ ಸಾಲು ನಕ್ಕಿತು. ಟೀಚರು ತಲೆ ಓರೆ ಮಾಡಿದರು,
ಚೀಲದಿಂದ ಪೌಡರು ಡಬ್ಬಿಯ ಕನ್ನಡಿ ತೆಗೆದು ಹಿಡಿದರು.
ಕನ್ನಡಿಯಲ್ಲಿ ಊರು ನೆಟ್ಟಗೆ ನಿಂತಿತ್ತು.
"ನೀನು ಅಚ್ಚಿನ ಒಳಗೆ ಕೂತು ನೋಡ್ತಾ ಇದ್ದಿ,
ಈಚೆ ಬಾ ಮಾರಾಯ್ತಿ."

ಈಚೆ ಬರುವುದು ಸುಲಭವೇನಲ್ಲ.
"ಅವಳಿಗೆ ಮನೆ ಇಲ್ಲ" ಅಂತ ಒಂದು ಪಾಠ.
ನನ್ನ ನಾಲಗೆ ತುಳುವಿನದು. ನಮಗೆ ಇಲ್ಲ್ ಅಂದರೆ ಮನೆ.
ಅವಳಿಗೆ ಮನೆ, ಮನೆ.
ಎರಡೆರಡು ಮನೆಯವಳು ಚಿತ್ರದಲ್ಲಿ ಯಾಕೆ ಅಳುತ್ತಾಳೆಂದು
ಒಂದು ವಾರ ತಿಳಿಯಲೇ ಇಲ್ಲ.

ಒತ್ತಕ್ಷರ ಬಂದಾಗ ಅರ್ಧ ಹೆಂಗಸರು ಶಾಲೆ ಬಿಟ್ಟರು.
ನನಗೆ ಅದೊಂದೇ ಸಲೀಸು.
ಹೆಂಚು ಮಗುಚಿದರೆ ಅಡಿಯಲ್ಲಿ ಹಲ್ಲು ಉಂಟಲ್ಲ,
ರೀಪಿಗೆ ಕಚ್ಚಿ ನಿಲ್ಲುವುದು? ಅದಿಲ್ಲದ ಹೆಂಚು
ಮೊದಲ ಗಾಳಿಗೇ ಜಾರಿ ಅಂಗಳಕ್ಕೆ.
ದುಗ್ಗು. ನನ್ನ ಹೆಸರಿನ ಅಡಿಯಲ್ಲೂ ಒಂದು ಹಲ್ಲು.

ಶನಿವಾರ ಬಟವಾಡೆ. ಶಾಯಿಯ ಪ್ಯಾಡು ಮುಂದೆ ನೂಕಿ
ರೈಟರು ಅಂದರು, "ಒತ್ತು."
ಒಂಬತ್ತು ವರ್ಷದಲ್ಲಿ ಅವರು ನನ್ನೊಡನೆ ಆಡಿದ ಮಾತು ಅದೊಂದೇ.
ಹೆಬ್ಬೆಟ್ಟು ಎತ್ತಿದವಳು ಹಾಗೇ ನಿಂತೆ. ಸಾಲು ಕಂಡಿತು:
ಹಾ. ಹಾ. ಅ. ಹಾ. ಹಾ. ಅ.
ಹಾ ಹಾಜರಿ. ಅ ಅರಸ, ಪಾಠದಲ್ಲಿ.
ಇಲ್ಲಿ ಅರಸ ಯಾರು?
"ಅರ್ಧ ದಿನ" ಅಂದರು ರೈಟರು, ತಲೆ ಎತ್ತದೆ.
ಅರ್ಧ ದಿನ ನಾನು ಹೋದದ್ದು ಒಮ್ಮೆ,
ಅಪ್ಪೆಯ ಚಿತೆಗೆ ಬೆಂಕಿ ಇಟ್ಟ ಮಧ್ಯಾಹ್ನ, ಅದೂ ಹೋದ ವರ್ಷ.
ಸಾಲಿನ ತುದಿಗೆ ಹೆಸರು: ದುಗು.
ಹಲ್ಲಿಲ್ಲ.

"ಒತ್ತು" ಅಂದರು ಮತ್ತೆ.
"ಮೊದಲು ನೀವು ಒತ್ತು ಕೊಡಿ" ಅಂದೆ.
ಜೋರಾಗಿ ಹೇಳಿದ್ದಲ್ಲ. ಆದರೂ ಹಿಂದಿನ ಸಾಲು ಸುಮ್ಮನಾಯಿತು,
ಈ ಸಲ ನಗಲಿಲ್ಲ.

ಎರಡು ಅರ್ಧ ಸೇರಿ ಒಂದು ದಿನದ ಕೂಲಿ ಕೈಗೆ ಬಂತು.
ಹಿಂದಿನ ಪುಸ್ತಕಗಳನ್ನು ಗೆದ್ದಲು ತಿಂದಿದೆಯಂತೆ.
ಗೆದ್ದಲು ಓದಿದ ಲೆಕ್ಕವನ್ನು ಯಾರ ಹತ್ತಿರ ಕೇಳಲಿ?

ಸೋಮವಾರ ಅಚ್ಚಿನಿಂದ ಎದ್ದ ಹಸಿ ಹೆಂಚೊಂದರ ಅಡಿಗೆ
ತಲೆಪಿನ್ನಿನಿಂದ ಹೆಸರು ಗೀರಿದೆ.
ಮೇಸ್ತ್ರಿ ಬರುವ ಗಡಿಬಿಡಿ, ಕೈ ಹಳೇ ದಾರಿ ಹಿಡಿಯಿತು,
ಬಲದಿಂದ ಎಡಕ್ಕೆ.
ಆವೆಯಲ್ಲಿ ಬೆಂದು, ಲಾರಿ ಹತ್ತಿ ಹೋಯಿತು.
ಯಾವ ಊರಿನ ಮಾಡಿನಲ್ಲಿ ಕೂತಿದೆಯೋ.
ಓದಬೇಕಾದರೆ ಅಂಗಾತ ಮಲಗಬೇಕು,
ಕೈಯಲ್ಲೊಂದು ಕನ್ನಡಿ ಬೇಕು.

ಹಲ್ಲು ಮಾತ್ರ ಸರಿಯಾಗಿ ಹಾಕಿದ್ದೇನೆ.